ಮಸೀದಿ ಕಮಿಟಿಯ ಹಿರಿಯರೇ, ನಮ್ಮ ಮಕ್ಕಳಿಗೆ ಮಾತಾಡಲು ಒಂದು ಕೋಣೆ ಕೊಡಿ

ಎಲ್ಲ ಮಸೀದಿಗಳ ಕಮಿಟಿ ಅಧ್ಯಕ್ಷರಿಗೆ, ಸದಸ್ಯರಿಗೆ, ಖತೀಬರಿಗೆ ಮತ್ತು ಉಸ್ತಾದರಿಗೆ,

ಅಸ್ಸಲಾಮು ಅಲೈಕುಂ.

ನಾನು ಹಲವು ವರ್ಷ ಮದ್ರಸದಲ್ಲಿ ಪಾಠ ಮಾಡಿದವನು. ಈಗ ಹದಿಹರೆಯದ ಮಕ್ಕಳಿಗೆ ಕೌನ್ಸೆಲಿಂಗ್ ಮಾಡುತ್ತೇನೆ. ಈ ಪತ್ರ ಬರೆಯಲು ಒಬ್ಬ ಹುಡುಗ ಕಾರಣ. ಅವನ ಗುರುತು ಹೇಳುವುದಿಲ್ಲ. ಆಗ ಅವನಿಗೆ 15 ವರ್ಷ.

ಒಂದು ದಿನ ಪಾಠ ಮುಗಿದ ಮೇಲೆ ಅವನೊಬ್ಬನೇ ಉಳಿದ. ಚಪ್ಪಲಿ ಹುಡುಕುವವನ ಹಾಗೆ ಬಾಗಿಲಲ್ಲೇ ನಿಂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ತಲೆ ತಗ್ಗಿಸಿಕೊಂಡೇ ಕೇಳಿದ: "ಉಸ್ತಾದ್, ನಮಾಝಿಗೆ ನಿಂತಾಗ ಅಲ್ಲಾಹನ ಬಗ್ಗೆ ಕೆಟ್ಟ ಕೆಟ್ಟ ಯೋಚನೆ ಬರುತ್ತೆ. ಬೇಡ ಅಂದ್ರೂ ಬರುತ್ತೆ. ನಾನಿನ್ನೂ ಮುಸ್ಲಿಮಾ?"

ನನಗೆ ಬೇರೆ ಎಲ್ಲಿಗೋ ಹೋಗಬೇಕಿತ್ತು. ಗಡಿಯಾರ ನೋಡಿದೆ. "ಅಂಥದ್ದೆಲ್ಲ ಯೋಚಿಸಬಾರದು, ಇಸ್ತಿಗ್‌ಫಾರ್ (ಕ್ಷಮೆಯ ಪ್ರಾರ್ಥನೆ) ಹೇಳ್ಕೋ, ಹೋಗು" ಅಂದೆ. ಅವನು ಹೋದ. ಆಮೇಲೆ ಯಾವತ್ತೂ ನನ್ನ ಹತ್ತಿರ ಏನೂ ಕೇಳಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಅವನ ತಾಯಿ ಬಂದು ಅತ್ತರು. ಮಗ ಒಂದು ವುಝೂಗೆ, ಅಂದರೆ ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯುವುದಕ್ಕೆ, ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾನೆ. ತೊಳೆದು ತೊಳೆದು ಕೈಯ ಚರ್ಮ ಬಿರಿದಿದೆ. ರಾತ್ರಿಯೆಲ್ಲ ಫೋನ್ ಹಿಡಿದುಕೊಂಡಿರುತ್ತಾನೆ. ಗೇಮ್ ಆಡುತ್ತಾನೆ ಅಂತ ತಾಯಿ ಅಂದುಕೊಂಡಿದ್ದರು. ಅವನು ಆಡುತ್ತಿರಲಿಲ್ಲ. ನನ್ನನ್ನು ಕೇಳಿದ ಅದೇ ಪ್ರಶ್ನೆಯನ್ನು ಗುರುತು ಪರಿಚಯ ಇಲ್ಲದವರ ಹತ್ತಿರ ಕೇಳುತ್ತಿದ್ದ. ಒಬ್ಬರು "ನೀನು ಕಾಫಿರ್ ಆಗಿಹೋದೆ" ಅಂದಿದ್ದರು. ಇನ್ನೊಬ್ಬರು "ಧರ್ಮ ಬಿಟ್ಟುಬಿಡು, ಆರಾಮಾಗಿರ್ತೀಯ" ಅಂದಿದ್ದರು. ಅವನ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡವರು ಒಬ್ಬರೂ ಇರಲಿಲ್ಲ. ನಾನೂ ಕೇಳಿಸಿಕೊಂಡಿರಲಿಲ್ಲ.

ಇದರಲ್ಲಿ ನನ್ನನ್ನು ಇವತ್ತಿಗೂ ಚುಚ್ಚುವುದು ಒಂದೇ. ಅವನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿರುವ ಆ ಹದೀಸನ್ನು (ಪ್ರವಾದಿಯವರ ನಡೆನುಡಿಯ ವರದಿಯನ್ನು) ನಾನೇ ಪಾಠ ಮಾಡಿದ್ದೆ. ಕೆಲವು ಸಹಾಬಿಗಳು (ಸಂಗಾತಿಗಳು) ಪ್ರವಾದಿಯವರ(ಸ) ಬಳಿ ಬಂದು, ಬಾಯಿ ಬಿಟ್ಟು ಹೇಳಲೂ ಹೆದರಿಕೆಯಾಗುವಂಥ ಯೋಚನೆಗಳು ನಮ್ಮ ಮನಸ್ಸಿಗೆ ಬರುತ್ತವೆ ಎನ್ನುತ್ತಾರೆ. ಪ್ರವಾದಿಯವರು(ಸ) ಗದರಿಸುವುದಿಲ್ಲ. ನಿಮಗೆ ನಿಜವಾಗಿಯೂ ಹಾಗಾಗುತ್ತಿದೆಯೇ ಎಂದು ಕೇಳುತ್ತಾರೆ. ಅವರು ಹೌದು ಎಂದಾಗ, ಅದೇ ಸ್ಪಷ್ಟವಾದ ಈಮಾನ್ (ವಿಶ್ವಾಸ) ಎನ್ನುತ್ತಾರೆ. ಆ ಯೋಚನೆಗೆ ನೀವು ಹೆದರುತ್ತೀರಲ್ಲ, ಆ ಹೆದರಿಕೆಯೇ ನಿಮ್ಮ ವಿಶ್ವಾಸ ಜೀವಂತ ಇದೆ ಅನ್ನುವುದಕ್ಕೆ ಗುರುತು ಎಂದು ವಿದ್ವಾಂಸರು ಇದನ್ನು ವಿವರಿಸಿದ್ದಾರೆ.

ಆ ಹುಡುಗನಿಗೆ ಬೇಕಾಗಿದ್ದುದು ಇಷ್ಟೇ. ಎರಡು ನಿಮಿಷದ ಮಾತು. ಬಹಳ ತಡವಾಗಿ ನಾನು ಇದನ್ನು ಹೇಳಿದಾಗ ಅವನು ನನ್ನ ಮುಖವನ್ನೇ ನೋಡಿದ. "ಇದನ್ನ ಅವತ್ತೇ ಯಾಕೆ ಹೇಳಲಿಲ್ಲ ಉಸ್ತಾದ್?" ಅಂದ.

ಹಾಗಾಗಿ ನಿಮ್ಮ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ. ಪ್ರತಿ ಮಸೀದಿಯೂ ವಾರಕ್ಕೊಮ್ಮೆ ಒಂದು ಕೋಣೆಯ ಬಾಗಿಲನ್ನು ಹದಿಹರೆಯದ ಮಕ್ಕಳಿಗಾಗಿ ತೆರೆಯಬೇಕು. ಬಯಾನ್ (ಧರ್ಮೋಪದೇಶ) ಮಾಡಲು ಅಲ್ಲ. ಆ ಮಕ್ಕಳು ಸಣ್ಣ ಗುಂಪಾಗಿ ಕುಳಿತು, ತರಬೇತಿ ಇರುವ ಒಬ್ಬರ ಜೊತೆಯಲ್ಲಿ, ತಮ್ಮ ಈಮಾನಿನ ಕಷ್ಟವನ್ನು ಬಾಯಿಬಿಟ್ಟು ಹೇಳಲು.

ನಮ್ಮ ಹತ್ತಿರ ಶುಕ್ರವಾರದ ಪ್ರವಚನ, ಖುತ್ಬಾ ಇದೆಯಲ್ಲ ಎಂದು ನೀವು ಹೇಳಬಹುದು. ಖುತ್ಬಾದಲ್ಲಿ ಕೇಳುವವನು ಮಾತಾಡುವ ಹಾಗಿಲ್ಲ. ಅದು ಅದರ ಅದಬು, ಶಿಷ್ಟಾಚಾರ. ಮದ್ರಸದಲ್ಲಿ ಪರೀಕ್ಷೆ ಇದೆ, ಅಂಕ ಇದೆ. ಮನೆಯಲ್ಲಿ ಅಪ್ಪನ ಸಿಟ್ಟು ಇದೆ, ಅಮ್ಮನ ಕಣ್ಣೀರಿನ ಭಯ ಇದೆ. ಹದಿನಾರು ವರ್ಷದ ಹುಡುಗಿಯೊಬ್ಬಳಿಗೆ "ನನ್ನ ದುವಾ ಯಾರಾದ್ರೂ ಕೇಳಿಸ್ಕೊಳ್ತಾ ಇದಾರಾ?" ಅನ್ನಿಸಿದರೆ ಅದನ್ನು ಹೇಳಲು ಜಾಗ ಎಲ್ಲಿದೆ? ಫೋನಿನಲ್ಲಿದೆ. ಅದು ನಡುರಾತ್ರಿಯಲ್ಲೂ ತೆರೆದಿರುತ್ತದೆ. ಹೆಸರು ಕೇಳುವುದಿಲ್ಲ, ಬೈಯುವುದೂ ಇಲ್ಲ. ಆದರೆ ಒಂದು ಸಂಶಯ ಹುಡುಕಿದರೆ ಅಂಥದ್ದೇ ಇನ್ನೂ ಹತ್ತನ್ನು ತಂದು ಮುಂದೆ ಸುರಿಯುತ್ತದೆ. ಮಗುವಿಗೆ ಸಮಾಧಾನ ಆಯಿತೋ ಇಲ್ಲವೋ ಅನ್ನುವುದು ಅದಕ್ಕೆ ಲೆಕ್ಕವಿಲ್ಲ. ಮಗು ಇನ್ನೂ ನೋಡುತ್ತಿದೆಯೋ ಇಲ್ಲವೋ ಅನ್ನುವುದೊಂದೇ ಲೆಕ್ಕ.

ಫೋನ್ ಕಿತ್ತುಕೊಂಡರೆ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕುರ್‌ಆನ್ ಪಾರಾಯಣ ಕೇಳುವುದೂ ಅದರಲ್ಲೇ, ಪಾಠ ಓದುವುದೂ ಅದರಲ್ಲೇ. ಆದರೆ ಅದನ್ನು ಹೇಗೆ ಕಟ್ಟಿದ್ದಾರೆ ಅಂತ ಹಿರಿಯರಿಗೆ ಗೊತ್ತಿರಬೇಕು. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದವರು ಏಝಾ ರಾಸ್ಕಿನ್ ಎಂಬ ಎಂಜಿನಿಯರ್. ಆ ಕೆಲಸದ ಬಗ್ಗೆ ಆಮೇಲೆ ಅವರೇ ಬಹಿರಂಗವಾಗಿ ವಿಷಾದ ಹೇಳಿಕೊಂಡಿದ್ದಾರೆ. ನಮಾಝಿಗೆ ತಕ್ಬೀರ್ ಇದೆ, ಸಲಾಂ ಇದೆ. ಶುರುವಿಗೂ ಕೊನೆಗೂ ಗುರುತು ಇದೆ. ಆ ಪುಟಕ್ಕೆ ಸಲಾಂ ಇಲ್ಲ. ಮಗುವೇ ತನ್ನ ಬಲದಿಂದ ಎದ್ದು ಬರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2024ರಲ್ಲಿ ಹೊರತಂದ ವರದಿಯ ಪ್ರಕಾರ, ಸೋಶಿಯಲ್ ಮೀಡಿಯಾ ಬಳಕೆ ಕೈಮೀರಿದ ಹದಿಹರೆಯದವರು 2018ರಲ್ಲಿ ಶೇ. 7 ಇದ್ದರು, 2022ಕ್ಕೆ ಶೇ. 11 ಆದರು. 44 ದೇಶ ಮತ್ತು ಪ್ರದೇಶಗಳ 11, 13 ಮತ್ತು 15 ವರ್ಷದ ಮಕ್ಕಳನ್ನು ಕೇಳಿ ಮಾಡಿದ ಲೆಕ್ಕ ಅದು. ನಮ್ಮ ಮಕ್ಕಳು ಇದರಿಂದ ಹೊರಗಿದ್ದಾರೆ ಅಂದುಕೊಳ್ಳುವುದು ಬೇಡ.

ಮಕ್ಕಳು ಹೊತ್ತುಕೊಂಡಿರುವ ಭಾರ ಒಂದೇ ಬಗೆಯದಲ್ಲ. ಮನಶ್ಶಾಸ್ತ್ರಜ್ಞರಾದ ಜೂಲಿ ಎಕ್ಸ್‌ಲೈನ್, ಕೆನೆತ್ ಪಾರ್ಗಮೆಂಟ್ ಮತ್ತು ಅವರ ಜೊತೆಗಾರರು 2014ರಲ್ಲಿ ಆಧ್ಯಾತ್ಮಿಕ ತೊಳಲಾಟವನ್ನು ಅಳೆಯಲು ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ಆರು ಬಗೆಗಳಿವೆ. ದೇವರ ಮೇಲಿನ ಮುನಿಸು ಅಥವಾ ದೇವರು ಕೈಬಿಟ್ಟ ಎಂಬ ಭಾವ, ಶೈತಾನನ ಕಾಟದ ಭಯ, ಧರ್ಮದವರಿಂದಲೇ ಆದ ನೋವು, ತಪ್ಪು ಮಾಡಿದೆ ಎಂಬ ಕೊರಗು, ಸಂಶಯ, ಬದುಕಿಗೆ ಅರ್ಥವೇ ಇಲ್ಲ ಅನ್ನಿಸುವುದು. ಅವರು ಮುಸ್ಲಿಮರನ್ನೇ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದಲ್ಲ. ಆದರೂ ಮಕ್ಕಳ ಮುಂದೆ ಕುಳಿತಾಗ ನನಗೆ ಈ ಆರೂ ಸಿಗುತ್ತವೆ. ನಾವು ಹಿರಿಯರು ಇವೆಲ್ಲಕ್ಕೂ "ಈಮಾನ್ ಕಮ್ಮಿಯಾಗಿದೆ" ಅಂತ ಒಂದೇ ಹೆಸರು ಇಡುತ್ತೇವೆ. ತಂದೆ ತೀರಿಕೊಂಡ ಮೇಲೆ ನಮಾಝ್ ಬಿಟ್ಟ ಹುಡುಗನಿಗೂ, ಅಶ್ಲೀಲ ವಿಡಿಯೊ ಬಿಡಲಾಗದೆ ಒದ್ದಾಡುವ ಹುಡುಗನಿಗೂ, ಮಸೀದಿಯಲ್ಲಿ ಎಲ್ಲರ ಮುಂದೆ ಬೈಸಿಕೊಂಡು ಆ ಕಡೆ ತಲೆಯೇ ಹಾಕದ ಹುಡುಗಿಗೂ ಅದೇ ಹೆಸರು, ಅದೇ ಮದ್ದು. ಇದು ಸರಿಯಲ್ಲ ಅಲ್ವಾ?

ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದರೆ ಸಾಲದೇ, ಗುಂಪು ಯಾಕೆ ಎಂದು ಕೆಲವರು ಕೇಳಿದ್ದಾರೆ. ಇದಕ್ಕೆ ನನ್ನ ಉತ್ತರ ಹಝ್ರತ್ ಹಂಝಲ(ರ) ಅವರ ಘಟನೆ.

ಅದೂ ಸಹೀಹ್ ಮುಸ್ಲಿಮ್‌ನಲ್ಲೇ ಇದೆ. ಹಂಝಲ(ರ) ಪ್ರವಾದಿಯವರ(ಸ) ಬರಹಗಾರರಲ್ಲಿ ಒಬ್ಬರು. ಒಂದು ದಿನ ಹಝ್ರತ್ ಅಬೂಬಕರ್(ರ) ಈ ಹಂಝಲರನ್ನು(ರ) ಕಂಡು ಹೇಗಿದ್ದೀರಿ ಎಂದು ಕೇಳುತ್ತಾರೆ. "ಹಂಝಲ ಕಪಟಿಯಾಗಿಬಿಟ್ಟ" ಎನ್ನುತ್ತಾರೆ ಇವರು. ಪ್ರವಾದಿಯವರ(ಸ) ಹತ್ತಿರ ಕುಳಿತಾಗ ಸ್ವರ್ಗ, ನರಕ ಕಣ್ಣೆದುರೇ ಇದ್ದ ಹಾಗಿರುತ್ತದೆ. ಮನೆಗೆ ಹೋಗಿ ಹೆಂಡತಿ, ಮಕ್ಕಳು, ದುಡಿಮೆಯ ನಡುವೆ ಸೇರಿದರೆ ಹೆಚ್ಚಿನದು ಮರೆತೇ ಹೋಗುತ್ತದೆ. ಇದು ಕಪಟ ಅಲ್ಲದೆ ಮತ್ತೇನು ಎಂದು ಅವರ ಸಂಕಟ. ಆಗ ಅಬೂಬಕರ್(ರ) ಬುದ್ಧಿ ಹೇಳಲಿಲ್ಲ. ಅಲ್ಲಾಹನಾಣೆ, ನಮಗೂ ಹೀಗೇ ಆಗುತ್ತದೆ ಎಂದರು. ಆಮೇಲೆ ಇಬ್ಬರೂ ಸೇರಿ ಪ್ರವಾದಿಯವರ(ಸ) ಬಳಿ ಹೋದರು. ನನ್ನ ಬಳಿ ಇರುವ ಹಾಗೆಯೇ ನೀವು ಸದಾ ಇದ್ದಿದ್ದರೆ ಮಲಕ್‌ಗಳೇ (ದೇವದೂತರೇ) ನಿಮ್ಮ ಹಾಸಿಗೆಯಲ್ಲೂ ದಾರಿಯಲ್ಲೂ ನಿಮ್ಮ ಕೈ ಕುಲುಕುತ್ತಿದ್ದರು, ಆದರೆ ಹಂಝಲ, ಒಂದು ಹೊತ್ತು ಹೀಗೆ, ಒಂದು ಹೊತ್ತು ಹಾಗೆ ಎಂದು ಅವರು ಮೂರು ಸಲ ಹೇಳಿದರು.

ಇದರ ಕ್ರಮವನ್ನು ನೋಡಿ. ಉತ್ತರ ಸಿಕ್ಕಿದ್ದು ಕೊನೆಯಲ್ಲಿ. ಅದಕ್ಕೂ ಮೊದಲು ದಾರಿಯಲ್ಲಿ ಸಿಕ್ಕ ಒಬ್ಬ ಜೊತೆಗಾರ ಹೇಗಿದ್ದೀರಿ ಎಂದು ಕೇಳಿದರು, ಕೇಳಿಸಿಕೊಂಡರು, ನನಗೂ ಹಾಗೇ ಆಗುತ್ತದೆ ಎಂದರು. ಅಬೂಬಕರ್(ರ) ಅಂಥವರೇ "ನನಗೂ" ಅಂದ ಮೇಲೆ ಹಂಝಲರ(ರ) ಎದೆಯ ಭಾರ ಎಷ್ಟು ಇಳಿದಿರಬಹುದು! ಈ "ನನಗೂ" ಅನ್ನುವ ಮಾತನ್ನು ನಾನು ಎಷ್ಟೇ ಪ್ರೀತಿಯಿಂದ ಹೇಳಿದರೂ 15 ವರ್ಷದವನು ನಂಬುವುದಿಲ್ಲ. ಅವನದೇ ವಯಸ್ಸಿನ, ಪಕ್ಕದಲ್ಲಿ ಕುಳಿತ ಹುಡುಗ ಹೇಳಿದರೆ ನಂಬುತ್ತಾನೆ. ಆ ಕ್ಷಣದಲ್ಲಿ ಮಕ್ಕಳ ಭುಜ ಕೆಳಗಿಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುಂಪು ಬೇಕಾಗಿರುವುದು ಇದಕ್ಕೇ.

1905ರಲ್ಲಿ ಬೋಸ್ಟನ್ನಿನ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಕ್ಷಯ ರೋಗಿಗಳನ್ನು ಗುಂಪಾಗಿ ಕೂರಿಸಲು ಶುರುಮಾಡಿದರು. ಆರೈಕೆಯ ಪಾಠ ಹೇಳಲು ಕರೆದಿದ್ದರು. ಒಬ್ಬರನ್ನೊಬ್ಬರು ನೋಡಿಯೇ ಅವರಿಗೆ ಧೈರ್ಯ ಬರುತ್ತಿತ್ತು. ಗುಂಪು ಚಿಕಿತ್ಸೆಯ ಚರಿತ್ರೆಯನ್ನು ಅಲ್ಲಿಂದ ಹೇಳುವುದು ರೂಢಿ. ನಮಗಂತೂ ಈ ಪಾಠ ಹಳೆಯದು. ಕುರ್‌ಆನಿನ ಸೂರಃ (ಅಧ್ಯಾಯ) ಅಲ್ ಕಹ್ಫ್‌ನಲ್ಲಿ, ವಿಶ್ವಾಸ ಉಳಿಸಿಕೊಳ್ಳಲು ಗುಹೆ ಸೇರಿದ ಯುವಕರು ಒಬ್ಬೊಬ್ಬರಾಗಿ ಹೋಗಲಿಲ್ಲ. ಸತ್ಯವನ್ನೂ ಸಹನೆಯನ್ನೂ ಪರಸ್ಪರ ಹೇಳಿಕೊಳ್ಳಿ ಎನ್ನುವುದು ಸೂರಃ ಅಲ್ ಅಸ್ರ್‌ನ ಮಾತು. ಪರಸ್ಪರ ಅಂದಿದೆ. ಒಬ್ಬ ಹೇಳಿ ಉಳಿದವರು ಕೇಳಿ ಅಂದಿಲ್ಲ.

ಈಗ ನಿಮ್ಮ ದೊಡ್ಡ ಆತಂಕಕ್ಕೆ ಬರುತ್ತೇನೆ. ಹಲವು ಹಿರಿಯರು ಇದನ್ನು ಕೇಳಿದ್ದಾರೆ, ಕೇಳಬೇಕಾದ್ದೇ. ಮಕ್ಕಳು ಗುಂಪಿನಲ್ಲಿ ಕುಳಿತು ತಮ್ಮ ಪಾಪಗಳನ್ನೆಲ್ಲ ಹೇಳಿಕೊಂಡರೆ? ಅಲ್ಲಾಹನು ಮುಚ್ಚಿಟ್ಟಿದ್ದನ್ನು ತಾನೇ ಬಯಲು ಮಾಡಿಕೊಳ್ಳುವವನ ಬಗ್ಗೆ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳೆರಡರಲ್ಲೂ ಗಟ್ಟಿ ಎಚ್ಚರಿಕೆ ಇದೆ. ನನ್ನ ಸಮುದಾಯದ ಎಲ್ಲರಿಗೂ ಕ್ಷಮೆ ಇದೆ, ಪಾಪವನ್ನು ಬಹಿರಂಗ ಮಾಡಿಕೊಳ್ಳುವವರಿಗೆ ಹೊರತು ಎನ್ನುವ ಹದೀಸ್ ಅದು. ಹೊರಗಿನ ಗುಂಪು ಕೌನ್ಸೆಲಿಂಗ್‌ ಅನ್ನು ಹಾಗೆ ಹಾಗೇ ತಂದು ಮಸೀದಿಯಲ್ಲಿ ನಡೆಸಿದರೆ ನಾವು ಇಲ್ಲಿ ಎಡವುತ್ತೇವೆ. ನಾನೂ ಇದರ ಬಗ್ಗೆ ಬಹಳ ಯೋಚಿಸಿದ್ದೇನೆ.

ನಾವು ನಡೆಸುವ ಗುಂಪುಗಳಲ್ಲಿ ಪಾಲಿಸುವ ನಿಯಮ ಇದು. ಒದ್ದಾಟ ಹೇಳಿ, ಪಾಪ ಹೇಳಬೇಡಿ. "ರಾತ್ರಿ ಒಬ್ಬನೇ ಇದ್ದಾಗ ಫೋನ್ ನನ್ನನ್ನು ಸೋಲಿಸುತ್ತೆ, ಬೆಳಗ್ಗೆ ನಮಾಝಿಗೆ ನಿಲ್ಲಲು ನಾಚಿಕೆ ಆಗುತ್ತೆ" ಎಂದರೆ ಸಾಕು. ಏನು ನೋಡಿದೆ, ಎಷ್ಟು ಸಲ, ಯಾರ ಜೊತೆ ಮಾತಾಡಿದೆ ಎಂದು ಯಾರೂ ಕೇಳುವುದಿಲ್ಲ. ಯಾರಾದರೂ ಹೇಳಲು ಹೊರಟರೆ ನಡೆಸುವವರು ಮೆಲ್ಲಗೆ ತಡೆಯುತ್ತಾರೆ. ಮೊದಲ ಎರಡು ವಾರ ಬಾಯಲ್ಲಿ ಹೇಳುವುದೂ ಬೇಡ. ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬದಲ್ಲಿ ಹಾಕುತ್ತಾರೆ. ಚೀಟಿ ಓದಿದಾಗ ಅದು ಯಾರದ್ದೆಂದು ಯಾರಿಗೂ ತಿಳಿಯುವುದಿಲ್ಲ. ಮೂರು ಚೀಟಿಯಲ್ಲಿ ಒಂದೇ ಮಾತು ಬಂದಿದ್ದು ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಆ ಕೋಣೆಯ ಮಾತು ಅಮಾನತು. ಇದು ಮಕ್ಕಳಿಗಿಂತ ಜಾಸ್ತಿ ನಿಮಗೆ ಅನ್ವಯಿಸುತ್ತದೆ. ಇಂಥವರ ಮಗ ಏನಂದ ಎಂದು ಕಮಿಟಿಯವರು ಕೇಳಬಾರದು. ತಂದೆ ತಾಯಿಯೂ ಕೇಳಬಾರದು. ಬೇಹು ನೋಡಬೇಡಿ ಎಂದು ಸೂರಃ ಅಲ್ ಹುಜುರಾತ್‌ನ 12ನೇ ಆಯತ್ ನೇರವಾಗಿ ಹೇಳುತ್ತದೆ. ಎಷ್ಟು ಬೈಠಕ್ ನಡೆಯಿತು, ಎಷ್ಟು ಮಕ್ಕಳು ಬಂದರು, ಇಷ್ಟೇ ನಿಮ್ಮ ರಿಜಿಸ್ಟರಿಗೆ. ಒಂದು ಮಾತು ಹೊರಗೆ ಬಿದ್ದರೂ ಆ ಕೋಣೆಗೆ ಮತ್ತೆ ಯಾರೂ ಬರುವುದಿಲ್ಲ.

ಗುಟ್ಟಿಗೂ ಒಂದು ಎಲ್ಲೆ ಇದೆ. ಅದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಬೇಕು. ಮಗು ತನ್ನ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತಾಡಿದರೆ, ಯಾರೋ ಅದಕ್ಕೆ ಹಿಂಸೆ ಕೊಡುತ್ತಿದ್ದರೆ ನಾವು ಸುಮ್ಮನಿರುವ ಹಾಗಿಲ್ಲ. ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಫೋಟೊ ಇಟ್ಟುಕೊಂಡು ಮಕ್ಕಳನ್ನು ಬೆದರಿಸುವುದು ಇವತ್ತು ನಡೆಯುತ್ತಿದೆ. ದುಡ್ಡು ಕೊಡು, ಇನ್ನೊಂದು ಫೋಟೊ ಕಳಿಸು, ಇಲ್ಲದಿದ್ದರೆ ನಿನ್ನ ಮನೆಯವರಿಗೆ ತೋರಿಸುತ್ತೇನೆ ಅನ್ನುತ್ತಾರೆ. ದೀನ್ (ಧರ್ಮನಿಷ್ಠೆ) ಇರುವ ಮನೆಯ ಮಕ್ಕಳು ಇದರಲ್ಲಿ ಇನ್ನಷ್ಟು ಸಿಕ್ಕಿಬೀಳುತ್ತಾರೆ, ಯಾಕೆಂದರೆ ಅವರ ನಾಚಿಕೆ ದೊಡ್ಡದು. ಅಂಥ ಮಗು ಮೊದಲು ಬಾಯಿ ಬಿಡುವ ಜಾಗ ಮಸೀದಿಯಾಗಬೇಕು. ಅಲ್ಲಿ ಅದಕ್ಕೆ ಬೈಗುಳ ಸಿಗಬಾರದು, ರಕ್ಷಣೆ ಸಿಗಬೇಕು. ಪೊಲೀಸರ ಹತ್ತಿರ ಹೋಗಬೇಕಾದರೆ ಹಿರಿಯರು ಜೊತೆಗೆ ನಿಲ್ಲಬೇಕು.

ನಡೆಸುವವರು ಯಾರು? ಇಬ್ಬರು ಬೇಕು ಎನ್ನುವುದು ನನ್ನ ಅನುಭವ. ಒಬ್ಬರು ದೀನ್ ಓದಿದವರು, ಒಬ್ಬರು ಕೌನ್ಸೆಲಿಂಗ್ ಕಲಿತವರು. ಹುಡುಗಿಯರ ಗುಂಪಿಗೆ ಹೆಣ್ಣುಮಕ್ಕಳೇ. ಹುಡುಗರಿಗೆ ಮಾಡಿ ಹುಡುಗಿಯರದ್ದು ಮುಂದೆ ನೋಡೋಣ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಅವರ ರಾತ್ರಿಗಳೂ ಇಷ್ಟೇ ಉದ್ದ ಇವೆ. ಗುಂಪಿಗೆ 8ರಿಂದ 10 ಮಕ್ಕಳು, ಹೆಚ್ಚು ಬೇಡ. 13 ವರ್ಷದವರನ್ನೂ 18 ವರ್ಷದವರನ್ನೂ ಒಟ್ಟಿಗೆ ಹಾಕಬೇಡಿ. ಒಂದೂವರೆ ಗಂಟೆ ಸಾಕು. ಎಂಟು ವಾರ ಅದೇ ಮಕ್ಕಳು, ನಡುವೆ ಹೊಸಬರನ್ನು ಸೇರಿಸುವುದಿಲ್ಲ. ಫೋನ್ ಬಾಗಿಲಲ್ಲಿ, ನಡೆಸುವವರದ್ದೂ ಅಲ್ಲೇ.

ಕಲಿಯಬೇಕಾದ ಮೊದಲ ಪಾಠ ಮಾತಾಡದೆ ಇರುವುದು. ನನಗೆ ಇದು ಬಹಳ ಕಷ್ಟವಾಯಿತು. ಮಗು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಆಯತ್ ಬಾಯಿಗೆ ಬಂದುಬಿಡುತ್ತಿತ್ತು. ಹತ್ತು ವರ್ಷ ಪ್ರವಾದಿಯವರ(ಸ) ಸೇವೆ ಮಾಡಿದ ಹಝ್ರತ್ ಅನಸ್(ರ) ಹೇಳುತ್ತಾರೆ, ಅವರು ನನಗೆ ಒಂದು ಸಲವೂ "ಉಫ್" ಅನ್ನಲಿಲ್ಲ, ಇದನ್ನು ಯಾಕೆ ಮಾಡಿದೆ ಎಂದು ಕೇಳಲಿಲ್ಲ ಅಂತ. ಅನಸ್(ರ) ಆ ಮನೆಗೆ ಬಂದಾಗ ಇನ್ನೂ ಚಿಕ್ಕ ಹುಡುಗ. ಅವರ ಹದಿಹರೆಯವೆಲ್ಲ ಆ ಮನೆಯಲ್ಲೇ ಕಳೆಯಿತು. ಮುಸ್ನದ್ ಅಹ್ಮದ್ ಎಂಬ ಹದೀಸ್ ಸಂಗ್ರಹದಲ್ಲಿ ಇನ್ನೊಬ್ಬ ಯುವಕ ಬರುತ್ತಾನೆ. ವ್ಯಭಿಚಾರಕ್ಕೆ ಅನುಮತಿ ಕೊಡಿ ಎಂದು ಎಲ್ಲರ ಮುಂದೆ ಕೇಳುತ್ತಾನೆ. ಜನ ಗದರಿಸುತ್ತಾರೆ. ಪ್ರವಾದಿಯವರು(ಸ) ಹತ್ತಿರ ಬಾ ಎಂದು ಕರೆದು ಕೂರಿಸಿಕೊಳ್ಳುತ್ತಾರೆ. ನಿನ್ನ ತಾಯಿಗೆ ಇದನ್ನು ಒಪ್ಪುತ್ತೀಯಾ, ಮಗಳಿಗೆ, ತಂಗಿಗೆ ಎಂದು ಒಂದೊಂದಾಗಿ ಕೇಳುತ್ತಾರೆ. ಕೊನೆಗೆ ಅವನ ಮೇಲೆ ಕೈಯಿಟ್ಟು ದುವಾ ಮಾಡುತ್ತಾರೆ. ಅವತ್ತು ಗದರಿಸಿದ ಜನರ ಸಾಲಿನಲ್ಲಿ ನಾನಿದ್ದೆ ಅಂತ ಇದನ್ನು ಓದುವಾಗೆಲ್ಲ ಅನ್ನಿಸುತ್ತದೆ.

ಎಲ್ಲವನ್ನೂ ಗುಂಪಿನಲ್ಲೇ ಸರಿಮಾಡಬಹುದು ಎನ್ನುವ ಭ್ರಮೆ ಬೇಡ. ಆ ಹುಡುಗನ ಕೈ ತೊಳೆಯುವಿಕೆ ಬರೀ ಸಂಶಯ ಆಗಿರಲಿಲ್ಲ. ಅದು ಒಸಿಡಿ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳು. ವೈದ್ಯರ ಹತ್ತಿರ ಹೋಗಲೇಬೇಕಾದ ಕಾಯಿಲೆ. ಇನ್ನಷ್ಟು ಇಬಾದತ್ (ಆರಾಧನೆ) ಮಾಡು ಎಂದು ಹೇಳಿದರೆ ಅದು ಏರುತ್ತದೆ. ಇದನ್ನು ಹೊಸ ಕಾಲದ ಮಾತು ಎಂದು ತಳ್ಳಿಹಾಕಬೇಡಿ. 934ರಲ್ಲಿ ತೀರಿಕೊಂಡ ಮುಸ್ಲಿಂ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ಅವರು ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯವನ್ನೂ ಇಟ್ಟು ಗ್ರಂಥ ಬರೆದರು. ಕೋಪ, ಭಯ, ದುಃಖದ ಹಾಗೆ ವಸ್ವಾಸನ್ನೂ (ಬೇಡವೆಂದರೂ ಕಾಡುವ ಯೋಚನೆಗಳನ್ನೂ) ಬೇರೆಯಾಗಿ ಗುರುತಿಸಿದರು. ನಮ್ಮ ಕಾಲದಲ್ಲಿ ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ (1932–2021) ಪಶ್ಚಿಮದ ಮನಶ್ಶಾಸ್ತ್ರವನ್ನು ಕಣ್ಣುಮುಚ್ಚಿ ಒಪ್ಪಬೇಡಿ ಎಂದು ಮುಸ್ಲಿಂ ಮನಶ್ಶಾಸ್ತ್ರಜ್ಞರಿಗೆ ಹೇಳಿದರು. ಅದರಲ್ಲಿ ಉಪಯೋಗಕ್ಕೆ ಬರುವುದನ್ನು ಬಿಡಿ ಎಂದೂ ಅವರು ಹೇಳಲಿಲ್ಲ. ನಾವೂ ಹಾಗೇ ನಡೆಯಬಹುದು.

ಸಂಶಯದ ಬಗ್ಗೆ ಒಂದು ಮಾತು. ಪ್ರಶ್ನೆ ಕೇಳಿದ ಮಗುವನ್ನು ನಾವು ಅರ್ಧ ಕಳೆದುಕೊಂಡ ಹಾಗೆ ನೋಡುತ್ತೇವೆ. ಸತ್ತವರನ್ನು ಹೇಗೆ ಬದುಕಿಸುತ್ತೀ ತೋರಿಸು ಎಂದು ಇಬ್ರಾಹೀಮರು(ಅ) ಕೇಳಿದ್ದರು. ನಿನಗೆ ವಿಶ್ವಾಸವಿಲ್ಲವೇ ಎಂದಾಗ, ಇದೆ, ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ಕೇಳಿದೆ ಎಂದರು. ಅಲ್ ಬಕರಃದ 260ನೇ ಆಯತ್. ಹೆಸರಾಂತ ಧರ್ಮವಿದ್ವಾಂಸ ಇಮಾಮ್ ಗಝಾಲಿಯವರು ಸುಮಾರು ಎರಡು ತಿಂಗಳು ಎಲ್ಲವನ್ನೂ ಸಂಶಯಿಸುವ ಸ್ಥಿತಿಯಲ್ಲಿದ್ದುದನ್ನು ತಾವೇ ಬರೆದುಕೊಂಡಿದ್ದಾರೆ. 1095ರಲ್ಲಿ ಬಗ್ದಾದಿನಲ್ಲಿ ಪಾಠ ಹೇಳಲು ನಾಲಿಗೆಯೇ ಏಳದೆ, ದೊಡ್ಡ ಹುದ್ದೆ ಬಿಟ್ಟು ಹೊರಟರು. ಮಕ್ಕಳಿಗೆ ಗಝಾಲಿಯವರ ಈ ದಿನಗಳ ಬಗ್ಗೆಯೂ ಹೇಳಿ. ಅವರ ಜ್ಞಾನದ ಬಗ್ಗೆ ಮಾತ್ರ ಹೇಳಿದರೆ ಮಕ್ಕಳಿಗೆ ಅವರು ದೂರದವರಾಗಿಯೇ ಉಳಿಯುತ್ತಾರೆ.

ಎಂಟು ವಾರ ಮುಗಿದಾಗ ಮಕ್ಕಳ ಒದ್ದಾಟ ಮುಗಿದಿರುವುದಿಲ್ಲ. ಇದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಾವು ಪ್ರತಿ ಮಗುವಿಗೂ ಒಂದು ಸಣ್ಣ ಅಮಲ್, ಅಂದರೆ ಒಳ್ಳೆಯ ಕೆಲಸ, ಆರಿಸಿಕೊಳ್ಳಲು ಹೇಳುತ್ತೇವೆ. ಅಲ್ಲಾಹನಿಗೆ ಅತಿ ಪ್ರಿಯವಾದ ಕೆಲಸ ಚಿಕ್ಕದಾದರೂ ತಪ್ಪದೆ ಮಾಡುವಂಥದ್ದು ಎನ್ನುವ ಹದೀಸ್ ಇದೆಯಲ್ಲ, ಅದರಂತೆ. ಒಬ್ಬಳು ಇಶಾ ಆದ ಮೇಲೆ ಫೋನನ್ನು ಅಮ್ಮನ ಕೋಣೆಯಲ್ಲಿಡುತ್ತೇನೆ ಎಂದಳು. ಒಬ್ಬ ಫಜರ್ ಒಂದನ್ನು ಬಿಡುವುದಿಲ್ಲ ಎಂದ. ಮಲಗುವ ಮುಂಚೆ ಐದು ನಿಮಿಷ ಮುಹಾಸಬ, ಅಂದರೆ ಆ ದಿನದ ಲೆಕ್ಕ ತಾನೇ ನೋಡಿಕೊಳ್ಳುವುದು. ತಪ್ಪಿದ ವಾರ ಬಂದು ತಪ್ಪಿದೆ ಎಂದು ಹೇಳಲು ಅವರಿಗೆ ಈಗ ಜನ ಇದ್ದಾರೆ.

ನಿಮ್ಮಿಂದ ಕೇಳುತ್ತಿರುವುದು ಕಮ್ಮಿ. ಮುಂದಿನ ಕಮಿಟಿ ಸಭೆಯಲ್ಲಿ ಈ ವಿಷಯವನ್ನು ಎತ್ತಿ. ವಾರದಲ್ಲಿ ಒಂದು ಸಂಜೆ, ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ ಕೊಡಿ. ನಿಮ್ಮ ಉಸ್ತಾದರಲ್ಲಿ ಒಬ್ಬರನ್ನು, ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಕೌನ್ಸೆಲಿಂಗ್ ತರಬೇತಿಗೆ ಕಳಿಸಿ, ಅದರ ಖರ್ಚನ್ನು ಕಮಿಟಿಯೇ ನೋಡಿಕೊಳ್ಳಲಿ. ನಂಬಿಕೆ ಇಡಬಹುದಾದ ಒಬ್ಬ ಮನೋವೈದ್ಯರ ಪರಿಚಯ ಮಾಡಿಕೊಂಡಿರಿ. ಆ ಕೋಣೆಯಲ್ಲಿ ಏನು ನಡೆಯಿತು ಎಂದು ಕೇಳುವುದಿಲ್ಲ ಎಂದು ಮಕ್ಕಳ ಎದುರಿಗೇ ಮಾತು ಕೊಡಿ.

ಮೊದಲ ಎಂಟು ವಾರ ನಡೆಸಲು ನಾನು ಬರುತ್ತೇನೆ. ಆ ಹುಡುಗನಿಗೆ ಈಗ ಇಪ್ಪತ್ತು ದಾಟಿದೆ. ಚಿಕಿತ್ಸೆಯಿಂದ ಬಹಳ ಮಟ್ಟಿಗೆ ಚೇತರಿಸಿಕೊಂಡಿದ್ದಾನೆ. ನನ್ನ ಜೊತೆ ತಾನೂ ಬರುತ್ತೇನೆ ಅಂದಿದ್ದಾನೆ. ಮಕ್ಕಳ ನಡುವೆ ಕುಳಿತು "ನನಗೂ ಹಾಗೇ ಆಗುತ್ತಿತ್ತು" ಎಂದು ಹೇಳಲು ನನಗಿಂತ ಅವನೇ ಸರಿಯಾದವನು.

ವಸ್ಸಲಾಂ,
ನಿಮ್ಮ ಸಹೋದರ,
ಒಬ್ಬ ಮಾಜಿ ಮದ್ರಸ ಶಿಕ್ಷಕ